ಜೂನ್ ಒಂದು, ದುಧನಿ

ಲಾಡ್ಜಿನ ದಪ್ಪ ರಜಿಸ್ಟರಿನ ಮೇಲೆ ಬಗ್ಗಿ
ಮಡೆಪ್ಪ ಕಾಕಾ ನನ್ನ ಆಧಾರ್ ಕಾರ್ಡನ್ನು
ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ನಕ್ಕರು:
"ಒಂದ ಜೂನ. ಇವತ್ತ ನಿನ್ನ ಹುಟ್ಟಿದ ದಿನಾ ಐತಲ್ಲವ್ವಾ.
ನಂದೂ ಇವತ್ತ."
ಆಮೇಲೆ ಬೆರಳಿಗೆ ಎಂಜಲು ಹಚ್ಚಿ ಹಿಂದಿನ ಹಾಳೆ ತಿರುವಿದರು:
ಸೊಲ್ಲಾಪುರದ ಬೀಜದ ಏಜೆಂಟ, ಒಂದು ಜೂನ್;
ಟ್ರ್ಯಾಕ್ಟರಿನ ಕಂತು ವಸೂಲಿಗೆ ಬಂದವನು, ಒಂದು ಜೂನ್;
ಮೈಂದರ್ಗಿಯ ಬ್ಯಾಂಡಿನ ಮೂವರು, ಮೂವರೂ.

ಹೆಡ್ ಮಾಸ್ತರರ ಪೆನ್ನಿನಿಂದ
ಒಂದೇ ದಿನ ಹುಟ್ಟಿದ ಒಡಹುಟ್ಟಿದವರು ನಾವು.
ಶಾಲೆ ಸೇರಲು ಆರು ತುಂಬಿರಬೇಕಿತ್ತು. ತುಂಬಿಸಿದರು.

ಮೂರನೇ ನಂಬರಿನ ಕೋಣೆ. ಕಿಟಕಿಯಾಚೆ ಅಡತಿ ಬಜಾರ,
ತೊಗರಿ ಚೀಲಗಳ ಮೇಲೆ ಮಲಗಿದ ಹಮಾಲರು.
ಬೋರ್ಡೆಲ್ಲ ಮರಾಠಿ; ಬೈಗುಳವೆಲ್ಲ ಕನ್ನಡ.
ಕರೆಂಟಿಲ್ಲ. ರೋಹಿಣಿ ಕೂಡಿ ಎಂಟು ದಿನವಾದರೂ
ಹನಿಯಿಲ್ಲ, ಬರೀ ಗುಡುಗಿನ ಬಾಯಿಮಾತು.
ಇಪ್ಪತ್ತಾರು, ಎಂದು ಜೋರಾಗಿ ಹೇಳಿ ನೋಡಿದೆ.
ಗೋಡೆಯ ಹಲ್ಲಿ ಲೊಚಗುಟ್ಟಿತು. ಸತ್ಯವಿರಬೇಕು.

ಎರಡು ವರ್ಷ ಒಂದೇ ಚೀಲ ಹೊತ್ತು ತಿರುಗಿ
ಏನು ಕಲಿತೆ, ಎಂದು ಯಾರಾದರೂ ಕೇಳಿದ್ದರೆ
ದೊಡ್ಡದೇನೂ ಇಲ್ಲ, ಅನ್ನುತ್ತಿದ್ದೆ.
ನಡೆದು ಹೋಗುವವರನ್ನು ದೂರ ಕೇಳಬಾರದು.
"ಇಲ್ಲೇ ಐತಿ" ಎಂದು ಕೈ ಬೀಸುತ್ತಾರೆ;
ಆ ಇಲ್ಲೇ ಮೂರು ತಾಸಿನದು.
"ಒಬ್ಬಾಕಿನೇ ಏನು?" ಎಂಬುದಕ್ಕೆ
ಗಂಡಸರಿಗೊಂದು ಉತ್ತರ, ಪೊಲೀಸರಿಗೊಂದು,
ಹೆಂಗಸರಿಗೆ ಮಾತ್ರ ಖರೆ.
ಮುರುಮ ಬಸ್‌ಸ್ಟ್ಯಾಂಡಿನಲ್ಲಿ ಬಳೆ ಮಾರುವ ಜೈನಾಬಿ
ಆ ಖರೆಯನ್ನು ಕೇಳಿ, ಏನೂ ಅನ್ನದೆ,
ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದಿಟ್ಟಳು ನನ್ನ ಮುಂದೆ.
ಅವಳ ಛತ್ರಿ ಇನ್ನೂ ನನ್ನ ಚೀಲದಲ್ಲಿದೆ.
ಬಸ್ಸು ಹೊರಟಾಗ ನೆನಪಿತ್ತು. ಇಳಿಯಲಿಲ್ಲ.
ಇದನ್ನು ಪಾಠವೆಂದು ಬರೆದುಕೊಳ್ಳಲು ಎರಡು ಸಲ ಕೂತೆ,
ಎರಡೂ ಸಲ ಪೆನ್ನು ಬೇರೇನೋ ಬರೆಯಿತು.

ಅವ್ವನಿಗೆ ಫೋನು ಹಚ್ಚಿದೆ.
ಹಬ್ಬಕ್ಕೂ ಸಾವಿಗೂ ಒಂದೇ ಏರುದನಿ ಅವಳದು:
"ಯಾವ ಜೂನೋ, ನನಗ ಗೊತ್ತಿಲ್ಲ.
ಎಳ್ಳಮಾಸಿ ಮರುದಿನ ನೀ ಹುಟ್ಟೀದಿ.
ಕಬ್ಬಿನ ಗಾಡಿ ಭೀಮಾ ದಾಟಿತ್ತು.
ಎತ್ತು ನಿಂತವು, ನಾ ಇಳದೆ. ರವದಿ ಹಾಸಿದರು.
ತಾಸಿನ್ಯಾಗ ಮತ್ತ ಗಾಡಿ ಹತ್ತಿದೆ.
ಫ್ಯಾಕ್ಟರಿ ಕಾಂಟಾದ ಮ್ಯಾಲೆ ತೂಕಕ್ಕ ನಿಲ್ಲಿಸಿದಾಗ
ನಾನೂ ನೀನೂ ಇಬ್ಬರೂ ಹೇರಿನ ಮ್ಯಾಲೇ ಇದ್ದಿವಿ.
ನಿನ್ನ ತೂಕಾ ಕಬ್ಬಿನಾಗ ಹೋತು.
ಅದರ ರೊಕ್ಕಾನೂ ಬಂತು ತಗೋ."
ನಕ್ಕಳು. ಲೈನು ಕಡಿಯಿತು.

ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ,
ನಮ್ಮ ಮನೆಯಲ್ಲಿ ಮೊದಲು ಊರು ಬಿಟ್ಟವಳು ನಾನು ಎಂದು.

ರಾತ್ರಿ ಬಾಗಿಲು ತಟ್ಟಿತು. ಮೇಣದ ಬತ್ತಿ, ಸ್ಟೀಲಿನ ತಟ್ಟೆ,
ಎರಡು ಶೇಂಗಾ ಹೋಳಿಗೆ, ಅಂಚಿಗೆ ಹರಿದ ತುಪ್ಪ.
"ಮನ್ಯಾಗ ವರ್ಷಾ ಮಾಡ್ತಾಳ" ಎಂದರು ಮಡೆಪ್ಪ ಕಾಕಾ,
"ದಿನಾ ಸುಳ್ಳ ಅಂತ ಆಕಿಗೂ ಗೊತ್ತೈತಿ."
ಐದನೇ ನಂಬರಿನಲ್ಲಿ ಬ್ಯಾಂಡಿನವರು ಕತ್ತಲಲ್ಲೇ
ಕ್ಲಾರಿನೆಟ್ ಒರೆಸಿ, ಒಂದು ಸ್ವರ ಊದಿ ನೋಡಿ, ನಿಲ್ಲಿಸಿದರು.
ಹೋಳಿಗೆಯೊಂದನ್ನು ನಾನು ತೆಗೆದುಕೊಂಡು
ತಟ್ಟೆಯನ್ನು ಅವರ ಕಡೆ ಸರಿಸಿದೆ.
ಬಾಗಿಲಲ್ಲಿ ನಿಂತೇ ತಿಂದರು.

"ಕಾಕಾ, ಮುರುಮ ಇಲ್ಲಿಂದ ಎಷ್ಟ ದೂರ?"
ತುಪ್ಪದ ಕೈಯನ್ನೇ ಕತ್ತಲಿನತ್ತ ಬೀಸಿದರು:
"ಇಲ್ಲೇ ಐತಿ."