ಹೆಸರಿಗೊಂದು ಪೊಟ್ಟಣ

ತೊಂಬತ್ತು ಸೆಕೆಂಡು.
ಫೆರೋ ದ್ವೀಪದ ವಾಗುರ್ ಬಂದರಿನಲ್ಲಿ,
ಮೀನು ಕಾರ್ಖಾನೆಯ ಬೆಳಗಿನ ಪಾಳಿ
ಅಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿತ್ತು,
ಕೈಗವಸು ತೊಟ್ಟು, ಚೂರಿ ಮಸೆದು,
ತೂಕದ ಕಂಪ್ಯೂಟರು ಕಣ್ಣು ಬಿಡಲೆಂದು.
ಅದರ ಹೊಟ್ಟೆಯೊಳಗೊಂದು ಸೇವೆ
ಇಲ್ಲದ ನೆಟ್‌ವರ್ಕು ಬಂದು ಬಾಗಿಲು ತಟ್ಟುತ್ತದೆಂದು
ದಿನಾ ಕಾಯುತ್ತಿತ್ತು.
ಅದು ಬಂದದ್ದಿಲ್ಲ. ಇದು ಬೇಸತ್ತದ್ದೂ ಇಲ್ಲ.

ಸುನ್ವೋರ್ ಹತ್ತೊಂಬತ್ತು ವರ್ಷ ಕಾಡ್ ಮೀನಿನ ಮುಳ್ಳು ಬಿಡಿಸಿದವಳು,
ಮಣಿಕಟ್ಟು ಸೋತ ಮೇಲೆ ಲಿನಕ್ಸ್ ಕಲಿತವಳು.
'ಇವತ್ತು ರಾತ್ರಿ ಇದನ್ನು ಕಿತ್ತೇ ಕೀಳುತ್ತೇನೆ' ಅಂದಳು.
'ನೀನು ಫ್ಲಾಸ್ಕು ಹಿಡಿದು ಕೂತಿರು. ಮಾತಾಡಬೇಡ.'

ಕೂತೆ. ಹೊರಗೆ ಐಸ್ ಯಂತ್ರ ಕೆಮ್ಮುತ್ತಿತ್ತು.
ತೆಗೆ ಎಂದು ಟೈಪಿಸಿದಳು.
ಪರದೆ ಪಟ್ಟಿ ಓದತೊಡಗಿತು:
ಇದು ಹೋದರೆ ಅದೂ, ಅದು ಹೋದರೆ ಇವೂ,
ಗಡಿಯಾರ, ಕೀಲಿಮಣೆ, ಪ್ರಿಂಟರು,
ತಕ್ಕಡಿಯ ಲೆಕ್ಕ,
ಕೊನೆಗೆ ತೆಗೆಯುವ ಕೈಯನ್ನೇ ಸೇರಿಸಿ
ನೂರ ನಲವತ್ತಮೂರು.
ಪಂಕ್ತಿಯಲ್ಲೊಬ್ಬ ಮುನಿದು ಎದ್ದನೆಂದು
ಎಲೆ ಬಿಟ್ಟು ಸಾಲಿಗೆ ಸಾಲೇ ಎದ್ದಂತೆ.

ಆಮೇಲೆ ಕೇಳಿತು: ಖಂಡಿತವೇ?
ಬರಿಯ ಹೂಂ ಸಾಲದು, ಪೂರ್ತಿ ವಾಕ್ಯ ಬರೆ:
ಹೌದು, ನಾನು ಹೇಳಿದಂತೆ ಮಾಡು.

ಅವಳ ಬೆರಳು ಗಾಳಿಯಲ್ಲೇ ನಿಂತಿತು.
ಆ ವಾಕ್ಯವನ್ನು ಅವಳು ಯಾರಿಗೂ ಹೇಳಿದವಳಲ್ಲ;
ಹೇಳಿಸಿಕೊಂಡವಳು.
ಹೇಳುತ್ತಿದ್ದವನು ಫೋರ್‌ಮನ್ ಹಾನುಸ್,
ಬೆಲ್ಟಿನ ಆ ತುದಿಯಿಂದ,
ಹೌದು ಅನ್ನುವುದನ್ನೂ ಬಿಟ್ಟು.

ಬೇಡ ಎಂದು ಒತ್ತಿದಳು.
'ಮೂಳೆ ಎಳೆಯುವ ಮುಂಚೆ ಬೆರಳಾಡಿಸಿ ನೋಡಬೇಕು,
ಎಲ್ಲಿ ಅಂಟಿದೆ, ಎಲ್ಲಿ ಅಂಟಿದಂತೆ ಕಾಣುತ್ತದೆ ಅಷ್ಟೆ.'
ಹಾಗೆ ಒಂದೊಂದನ್ನೇ ತಡವಿದಳು, ಮೂರು ಗಂಟೆಯವರೆಗೆ.
ನಿನಗೆ ಅದು ನಿಜಕ್ಕೂ ಬೇಕೆ? ನಿನಗೆ?
ಬೇಕಿದ್ದದ್ದು ಎರಡಕ್ಕೆ ಮಾತ್ರ;
ಅವಕ್ಕೆ ಬೇರೆ ಊರುಗೋಲು ಕೊಟ್ಟಳು, ಆರು ಸಾಲಿನದು.
ಉಳಿದ ನೂರ ನಲವತ್ತೊಂದೂ
ಅದರ ಮುಖ ನೋಡಿದವಲ್ಲ.
ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು, ಸಾಕು.

ಖಾಲಿ ಪೊಟ್ಟಣವೊಂದನ್ನು ಕಟ್ಟಿದಳು.
ಒಳಗೆ ಏನಿಲ್ಲ.
ಮೇಲೆ ಅದೇ ಹೆಸರು, ಅದಕ್ಕಿಂತ ದೊಡ್ಡ ಆವೃತ್ತಿ ಸಂಖ್ಯೆ,
ಯಾರೂ ಪ್ರಶ್ನಿಸಬಾರದಲ್ಲ.
ಅದನ್ನು ಒಳಗೆ ಕೂರಿಸಿದಳು; ಹಳೆಯದು ಎದ್ದು ಹೋಯಿತು,
ಪಂಕ್ತಿಯಲ್ಲಿ ಒಂದು ಎಲೆಯೂ ಅಲುಗಲಿಲ್ಲ.

ಆಗ ನನಗೆ ಡ್ರಾಯರು ನೆನಪಾಯಿತು.
ಹಾನುಸ್ ನಿವೃತ್ತನಾಗಿ ಐದು ವರ್ಷ.
ಹಡಗು ಹತ್ತುವ ಪ್ರತಿ ಪೆಟ್ಟಿಗೆಗೆ ಇವತ್ತಿಗೂ ಅವನ ಸಹಿ ಬೇಕು;
ಡ್ರಾಯರಿನಲ್ಲಿ ಅವನ ರಬ್ಬರು ಮೊಹರಿದೆ, ಒತ್ತುವವನು ನಾನು.
ಅವನೋ, ಹತ್ತು ಗಂಟೆಗೆ ನಾಯಿ ಹಿಡಿದು ಬಂದು
ಕಿಟಕಿಯಾಚೆ ನಿಂತು ಬೆಲ್ಟಿನ ವೇಗ ನೋಡಿ
ತಲೆಯಾಡಿಸಿ ಹೋಗುತ್ತಾನೆ,
ತಾನಿರುವುದಕ್ಕೇ ನಡೆಯುತ್ತಿದೆ ಎಂಬಂತೆ.
ಸುನ್ವೋರ್‌ಗೆ ಹೇಳಿದೆ. ಅವಳು ನಗಲಿಲ್ಲ.
'ಮೊಹರಿನ ಇಂಕು ಮುಗಿಯುತ್ತಾ ಬಂದಿದೆ, ತರಿಸು' ಅಂದಳು.

ಬೆಳಿಗ್ಗೆ ಗುಂಡಿ ಒತ್ತಿದರೆ ಹನ್ನೊಂದು ಸೆಕೆಂಡು.
ತಕ್ಕಡಿ ಸೊನ್ನೆ ತೋರಿಸಿ ಕಾಯುತ್ತಿತ್ತು,
ಈ ಸಲ ನಮಗಾಗಿ.
ಒಬ್ಬಳು ಇನ್ನೂ ಟೋಪಿಯೊಳಗೆ ಕೂದಲು ತುರುಕುತ್ತಿದ್ದಳು.
ಮುದುಕ ಯಾಕುಪ್ ದಿನಾ ಆ ಹೊತ್ತಿನಲ್ಲಿ
ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದನೆಂದು
ಅದು ಅರ್ಧಕ್ಕೆ ನಿಂತಾಗಲೇ ಗೊತ್ತಾದದ್ದು.
ಮಾಲಾನ್ ರಾತ್ರಿಯ ಕನಸು ಹೇಳುತ್ತಿದ್ದಳು,
ದೋಣಿ ಹತ್ತಿದ್ದಳು, ದೋಣಿಯಲ್ಲಿ ಅವಳ ಅತ್ತೆ,
ಅತ್ತೆಯ ಮಡಿಲಲ್ಲಿ...

ಬೆಲ್ಟು ಹೊರಟಿತು.

'ಕನಸು ಹೇಳುವಷ್ಟು ಹೊತ್ತೂ ಕಿತ್ತುಕೊಂಡೆಯಲ್ಲೇ' ಅಂದಳು ಮಾಲಾನ್.
ಸುನ್ವೋರ್ ನಿದ್ದೆಗೆಟ್ಟ ಕಣ್ಣು ಉಜ್ಜಿಕೊಂಡು
'ಮತ್ತೆ ಹಾಕಲೇ?' ಅಂತ ಕೇಳಿದಳು.
ತಮಾಷೆಗಲ್ಲ.
ಯಾರೂ ಬಾಯಿ ಬಿಡಲಿಲ್ಲ.
ಮೊದಲ ಮೀನು ಆಗಲೇ ಬರುತ್ತಿತ್ತು.