ನೂರಕ್ಕೆ ಎರಡು

ಟೊಯೊಹಾಶಿಯ ಟ್ರಾಮು ಕೊನೆಯ ನಿಲ್ದಾಣಕ್ಕೆ ಹೊರಳುವಾಗ
ನಮ್ಮ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ.
ಅಡಿಗೆ ಬಿಸಿ ಇಟ್ಟ ಗಿಡ್ಡ ಮೇಜಿನೊಳಗೆ ಕಾಲು ಚಾಚಿ
ಮೊಮ್ಮಗು ಮೊಟ್ಟೆ ಒಡೆಸುತ್ತಿದೆ, ಒಂದರ ಹಿಂದೊಂದು,
ಅಂಗೈಯಗಲದ ಪರದೆಯಲ್ಲಿ.
ಸೈಕಲ್ ಏರಿದ ಗುಬ್ಬಿಗಾತ್ರದ ಮನುಷ್ಯನನ್ನು
ಒಂದೇ ಸೇತುವೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದರೆ
ಮರಿಯಾಗುತ್ತದಂತೆ. ಅಲ್ಲಿ ಕಾವು ಬೇಡ, ದೂರ ಸಾಕು.

ಒಳಗಿಂದ ಬರುವುದು ಮೊಕೊರಿ:
ಅಂಟಕ್ಕಿ ಉಂಡೆಗೆ ರೆಕ್ಕೆ ಸಿಕ್ಕಿಸಿದ ಹಾಗೆ.
ಇಪ್ಪತ್ತೊಂದನೇ ಮಟ್ಟ ಮುಟ್ಟಿದಾಗ
ಹೆಣ್ಣಾದರೆ ಪರದೆಯೆಲ್ಲ ಬೆಳ್ಳಗಾಗಿ, ಸಂಗೀತ ಉಸಿರು ಹಿಡಿದು,
ರಾಣಿಯಾಗಿ ಇಳಿಯುತ್ತಾಳೆ. ಕಿರೀಟ, ಮೂರು ಬಾಲ, ಮೇಣದ ಗದೆ.
ಗಂಡಾದರೆ ಇಪ್ಪತ್ತೊಂದು ಬರುತ್ತದೆ, ಹೋಗುತ್ತದೆ.
ನೂರು ಮುಟ್ಟಿದರೂ ಅದೇ ಉಂಡೆ, ಅದೇ ರೆಕ್ಕೆ.

"ಎಂಟರಲ್ಲಿ ಏಳು ಗಂಡೇ ಬರೋದು ಅಜ್ಜಿ," ಎನ್ನುತ್ತದೆ ಇತ್ಸುಕಿ
ಬೆರಳು ನಿಲ್ಲಿಸದೆ.
ಹೆಸರಿನ ಪಕ್ಕ ನೀಲಿ ಬಾಣ ಕಂಡರೆ ಒಂದು ಒತ್ತು.
'ಮೊಕೊರಿಯನ್ನು ಬಿಟ್ಟುಬಿಡಲೇ?' ಹೌದು.
'ಮೊಕೊರಿ ಹೊರಟಿತು. ಕ್ಷೇಮವಾಗಿರು, ಮೊಕೊರಿ!'
ಹೌದು. ಹೌದು. ಹೌದು.

ಆ ಹೆಬ್ಬೆರಳು ನನಗೆ ಗೊತ್ತು.

ಮೂವತ್ತೊಂದು ವರ್ಷ, ಇನ್ನೂರು ವಾಟಿನ ಬಲ್ಬಿನ ಕೆಳಗೆ
ನನ್ನದೂ ಹೀಗೇ ಓಡಿದೆ.
ಕೋಳಿಮರಿ ಕಾರ್ಖಾನೆಯಲ್ಲಿ ಗಂಡು ಹೆಣ್ಣು ನೋಡುವ ಕೆಲಸ.
ಎಡಗೈಯಲ್ಲಿ ಒಂದು ದಿನದ ಮರಿ, ಮೆಲ್ಲಗೆ ಅದುಮಿ ಹಿಕ್ಕೆ ತೆಗೆದು
ಬಾಲದಡಿಯ ಮಡಿಕೆ ಬಿಡಿಸಿದರೆ
ಎಳ್ಳಿಗಿಂತ ಸಣ್ಣದೊಂದು ಗುಳ್ಳೆ ಇದೆ, ಅಥವಾ ಇಲ್ಲ.
ಇಲ್ಲದಿದ್ದರೆ ಎಡಗಡೆ ಪೆಟ್ಟಿಗೆ. ಇದ್ದರೆ ಬಲಗಡೆ.
ಗಂಟೆಗೆ ಸಾವಿರ. ಯೋಚಿಸಿದೆಯೋ ಕೆಟ್ಟೆ,
ಎನ್ನುತ್ತಿದ್ದರು ಕಲಿಸಿದ ನಿಮುರಾ ಮೇಷ್ಟ್ರು;
ನೋಡು, ಹಾಕು, ಮರೆ.

ಎಡಗಡೆಯವು ಹೇಂಟೆಯಾದವು, ಮೊಟ್ಟೆಯಿಟ್ಟವು.
ಬಲಗಡೆಯ ಪೆಟ್ಟಿಗೆಗಳನ್ನು ಒಬ್ಬ ಹುಡುಗ ತಳ್ಳಿಕೊಂಡು ಹೋಗುತ್ತಿದ್ದ,
ಅವನ ಗಾಡಿಯ ಒಂದು ಚಕ್ರ ಮಾತ್ರ ಕಿರ್ರೆನ್ನುತ್ತಿತ್ತು.
ಬಾಗಿಲಾಚೆ ಏನಾಗುತ್ತದೆಂದು ನನಗೆ ತಿಳಿಯದು
ಎಂದು ಈಗ ಹೇಳಿಕೊಂಡು ತಿರುಗಬಹುದು.
ತಿಳಿದಿತ್ತು.
ಅಲ್ಲೆಲ್ಲೂ ಕ್ಷೇಮವಾಗಿರು ಎಂದು ಬರೆದಿರಲಿಲ್ಲ.

"ನೀನೂ ಗಂಡು ಬಿಡ್ತಿದ್ಯಾ ಅಜ್ಜಿ?"
"ಹ್ಞೂಂ."
"ಎಲ್ಲಿಗ್ ಹೋಗ್ತಿದ್ವು?"
ಕಿತ್ತಳೆ ಸುಲಿದೆ. ತೊಳೆಯ ಮೇಲಿನ ಬಿಳಿ ನಾರನ್ನು
ಒಂದೊಂದಾಗಿ ಎಳೆದೆ. ಮಗು ಕಾಯಲಿಲ್ಲ, ಪುಣ್ಯ.
"ತಪ್ಪಾಗ್ತಿತ್ತಾ?"
"ನೂರಕ್ಕೆ ಎರಡು."
ಸಂಜೆಯಿಂದ ಮೊದಲ ಸಲ ತಲೆಯೆತ್ತಿತು.
"ಇದ್ರಲ್ಲಿ ತಪ್ಪೇ ಆಗಲ್ಲ," ಎಂದಿತು,
ಏನೋ ಕಡಿಮೆ ಕೊಟ್ಟರೆಂಬಂತೆ ಯಂತ್ರವನ್ನು ತಿರುವಿ ನೋಡಿ.

ಆಗ ಹೇಳಿದೆ, ತಾಹಾರಾದ ಒಗಿಸೊ ಮಾಡಿದ ಫೋನಿನ ಕತೆ.
ಐದು ತಿಂಗಳ ಹಿಂದೆ ನೀವು ಕಳಿಸಿದ ಹೇಂಟೆಗಳಲ್ಲಿ ಒಂದು...
ತಡೆಯಿರಿ, ನಿಮ್ಮ ಕಿವಿಯಲ್ಲೇ ಕೇಳಿ, ಎಂದು
ಫೋನನ್ನು ಗೂಡಿನತ್ತ ಹಿಡಿದ.
ಕಡಲ ಗಾಳಿ, ಸಾವಿರ ಕೋಳಿಗಳ ಕೊಕ್ಕೊಕ್ಕೊ,
ನಡುವೆ ಒಡಕು ಗಂಟಲಲ್ಲಿ,
ಪಾಠ ಅರ್ಧ ಕಲಿತು ಎದ್ದು ನಿಂತ ಹುಡುಗನ ಹಾಗೆ,
ಕೂಗಿದ.

ಆ ತಿಂಗಳ ಸಂಬಳದಲ್ಲಿ ದಂಡ ಮುರಿದುಕೊಂಡರು.
ತಪ್ಪಾಯಿತೆಂದು ಫೋನಿಗೇ ಬಾಗಿದೆ, ಮೂರು ಸಲ.
ಮೂರನೆಯ ಸಲ ಬಾಗಿದವಳು ಬೇಗ ಏಳಲಿಲ್ಲ,
ಮುಖದ ಮೇಲಿನ ನಗುವನ್ನು ಮೇಲ್ವಿಚಾರಕರು ನೋಡಿಯಾರೆಂದು.

ಪರದೆಯಲ್ಲಿ ಇನ್ನೊಂದು ಮೊಟ್ಟೆ ಬಿರಿದು ಮುಗಿದಿತ್ತು.
ನೀಲಿ ಬಾಣ. 'ಬಿಟ್ಟುಬಿಡಲೇ?' ಎಂಬುದು ಮಿನುಗುತ್ತಲೇ ಇತ್ತು.
"ಹೇಗ್ ಕೂಗಿದ? ಮಾಡಿ ತೋರ್ಸು."
ಈ ವಯಸ್ಸಿನಲ್ಲಿ, ರಾತ್ರಿ ಒಂಬತ್ತೂವರೆಯಲ್ಲಿ,
ತೆಳ್ಳನೆಯ ಗೋಡೆಗಳ ಈ ಕಟ್ಟಡದಲ್ಲಿ
ಕತ್ತು ಚಾಚಿ ಕೂಗಿದೆ.
ಕೆಳಗಿನ ಮನೆಯ ನಾಯಿ ಎದ್ದು ಉತ್ತರ ಕೊಟ್ಟಿತು.