ಕೌಶಲ್ಯ ಎಂಬ ಕಾಲಂ

ಶಾರ್ಜಾದ ರೋಲಾದಲ್ಲಿ, ಜ್ಯೂಸ್ ಅಂಗಡಿ ಪಕ್ಕ
ನನ್ನ ಟೈಪಿಂಗ್ ಸೆಂಟರು.
ಹೋದ ವರ್ಷ ವೀಸಾ ಅರ್ಜಿಗಳ ಕ್ಯೂ,
ಈ ವರ್ಷ ಎಲ್ಲರಿಗೂ ಬಯೊಡಾಟಾ ಬೇಕು.
ಹದಿನೈದು ದಿರ್ಹಮ್, ಫೋಟೊ ಬೇರೆ.

ಕುರ್ಚಿಯ ತುದಿಯಲ್ಲಿ ಕೂತರು ವಾಮನ ತಿಂಗಳಾಯ.
ಊರು ಮಲ್ಪೆ. ಹನ್ನೊಂದು ವರ್ಷ ಟವರ್ ಕ್ರೇನು.
ಕಂಪನಿ ಕೊಟ್ಟ ಕೊನೆಯ ಕಾಗದವನ್ನು ಮಡಿಸಿ ಮಡಿಸಿ
ಬೀಡಿಕಟ್ಟಿನಷ್ಟು ಮಾಡಿಕೊಂಡಿದ್ದರು.

'ಏನೇನು ಬರುತ್ತೆ ಹೇಳಿ' ಅಂದೆ.
'ಎಂತ ಬರ್ತದೆ ಮಾರಾಯ್ರೆ, ಎತ್ತುವುದು, ಇಳಿಸುವುದು.'

ಹಾಳೆಯ ಉಳಿದ ಬಿಳುಪು ನಮ್ಮಿಬ್ಬರನ್ನೂ ನೋಡಿತು.
ಮೊನ್ನೆ ಒಬ್ಬ ಹುಡುಗ, ಆರೇ ತಿಂಗಳ ಅನುಭವ,
'ಡೈನಾಮಿಕ್' ಅಂತ ಮೂರು ಕಡೆ ಹಾಕಿಸಿಕೊಂಡು ಹೋದ.

ಚಾ ತರಿಸಿದೆ. ಕೆದಕಿದೆ.
ಅಷ್ಟು ಎತ್ತರದಲ್ಲಿ ಗಾಳಿ ಹೇಗೆ ಗೊತ್ತಾಗುತ್ತೆ?
'ಮೀಟರ್ ಉಂಟು. ಅದು ಹೇಳುವ ಮೊದಲೇ ರೋಪು ಹೇಳ್ತದೆ.
ಬೋಟಿನಲ್ಲಿ ಕಲಿತದ್ದು, ಬಲೆ ಎಳೆಯುವಾಗ.
ಶಮಾಲ್ ಏಳುವ ದಿನ
ಬಾಯಿಯಲ್ಲಿ ಮೊದಲು ಹೊಯಿಗೆಯ ರುಚಿ.'

ಕೆಳಗೆ ಇರುವವರು?
'ಪಠಾಣ, ಬಂಗಾಳಿ, ತಮಿಳ. ಮುಖ ಎಲ್ಲಿ ಕಾಣ್ತದೆ?
ಹಳದಿ ಟೊಪ್ಪಿ, ಎತ್ತಿದ ಕೈ. ಅಷ್ಟು ಸಾಕು.'

ಏನಾದರೂ ಬಿದ್ದದ್ದು?
'ಇಲ್ಲ. ಒಂದು ಬೋಲ್ಟು ಕೂಡ.'
ಅಂದು, ಹೇಳಬಾರದ್ದು ಹೇಳಿದವರಂತೆ
ಎದೆ ಮುಟ್ಟಿಕೊಂಡರು.

ಬೀಳದೆ ಇದ್ದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?
ಆದದ್ದಕ್ಕೆ ಸರ್ಟಿಫಿಕೇಟು ಕೇಳುತ್ತಾರೆ.
ಆಗದೆ ಉಳಿದದ್ದಕ್ಕೆ
ಎಲ್ಲೋ ಪೇಶಾವರದಲ್ಲಿ ಮಕ್ಕಳೊಡನೆ ಊಟಕ್ಕೆ ಕೂತ ಒಬ್ಬ ಸಾಕ್ಷಿ.
ಅವನಿಗೇ ಅದು ಗೊತ್ತಿಲ್ಲ.

'ಝೀರೊ ಆಕ್ಸಿಡೆಂಟ್' ಅಂತ ಹೊಡೆದೆ.
ಹದಿನಾರು ಪಾಯಿಂಟ್, ದಪ್ಪಕ್ಷರ.

'ಹನ್ನೊಂದು ಬೇಡ, ಐದು ಹಾಕಿ' ಅಂದರು ಮೆಲ್ಲಗೆ,
'ವರ್ಷ ಜಾಸ್ತಿ ಆದರೆ ಸಂಬಳ ಜಾಸ್ತಿ ಅಂತ ಹೆದರ್ತಾರೆ.'
ನನ್ನ ಬೆರಳು ಕೀಲಿಯ ಮೇಲೇ ನಿಂತಿತು.
ಯಾವ ಆರನ್ನು ಅಳಿಸಲಿ?
ಪೇಶಾವರದವನು ಕೆಳಗೆ ನಿಂತದ್ದು ಯಾವ ವರ್ಷ?

ಕಿಟಕಿಯಾಚೆ, ಅರ್ಧಕ್ಕೆ ನಿಂತ ಕಟ್ಟಡದ ಮೇಲೆ
ಆಳಿಲ್ಲದ ಕ್ರೇನೊಂದು ತಾನಾಗಿ ತಿರುಗುತ್ತಿತ್ತು.
ಕೆಟ್ಟಿದೆಯಾ?
'ಇಲ್ಲ. ಕೆಲಸ ಇಲ್ಲದಾಗ ಬ್ರೇಕ್ ಬಿಟ್ಟಿಡಬೇಕು.
ಬಿಗಿ ಹಿಡಿದರೆ ಗಾಳಿಗೆ ಮಗುಚ್ತದೆ.'
ಹೇಳಿ, ಕಾಗದವನ್ನು ಇನ್ನೊಂದು ಮಡಿಕೆ ಮಡಿಸಿದರು.

ಹತ್ತು ಪ್ರತಿ ತೆಗೆದುಕೊಟ್ಟೆ.
ಹನ್ನೊಂದು ಹನ್ನೊಂದಾಗಿಯೇ ಉಳಿದಿತ್ತು,
ನಾನು ಹೇಳಲಿಲ್ಲ, ಅವರು ಓದಲಿಲ್ಲ.
ಫೋನ್ ನಂಬರನ್ನು ಮಾತ್ರ
ಎರಡು ಸಲ ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡರು.